ಹಾಲು ಬಿಟ್ಟ ಮೌಶಿ

ಮೌಶಿ ಹೋದ ಸುದ್ದಿಯನ್ನು ಅವರ ತಂಗಿ ಫೋನಿನಲ್ಲಿ ಹೇಳಿದಾಗ ನನ್ನ ಬಾಯಿಂದ ಮೊದಲು ಬಂದ ಮಾತು, "ಬಿದ್ದಿದ್ರೇನ್ರಿ?"

ತಂಗಿ ಹೇಳಿದರು, "ಇಲ್ಲವ್ವಾ, ಬಿದ್ದಿದ್ದಿಲ್ಲ. ಮುಂಜಾನಿ ಬಿಸಲಾಗ ಕುಂತು ಎಳ್ಳ ಹಸನ ಮಾಡಾಕತ್ತಿದ್ಲು. ಹಂಗ ಗ್ವಾಡಿಗೆ ತಲಿ ಆನಿಸಿದ್ಲು, ಅಷ್ಟ. ಎಲುಬ ಏನೂ ಮುರದಿಲ್ಲ ನೋಡು."

ಸತ್ತವರ ಬಗ್ಗೆ ಕೇಳಬೇಕಾದ ಪ್ರಶ್ನೆ ಅದಲ್ಲ ಎಂದು ಹೊಳೆಯುವಷ್ಟರಲ್ಲಿ ಕೇಳಿಬಿಟ್ಟಿದ್ದೆ. ಆದರೆ ಒಂಬತ್ತು ವರ್ಷ ನಾನು ಅವರ ಎದುರು ಮನೆಯಲ್ಲಿದ್ದು, ಒಂಬತ್ತು ವರ್ಷವೂ ಅದೊಂದನ್ನೇ ಹೆದರಿಕೊಂಡಿದ್ದೆ.

ಅವರ ಹೆಸರು ಬರೆಯುವುದಿಲ್ಲ. ಕೂಕಟ್‌ಪಲ್ಲಿಯ ನಮ್ಮ ನಾಲ್ಕು ಅಂತಸ್ತಿನ ಕಟ್ಟಡದಲ್ಲಿ ಯಾರಿಗೂ ಅವರ ಹೆಸರು ಬೇಕಾಗಿರಲಿಲ್ಲ. ಕನ್ನಡದವರು, ತೆಲುಗಿನವರು, ಕೊನೆಗೆ ವಾಚ್‌ಮನ್ ಕೂಡ ಚಿಕ್ಕಮ್ಮ ಎನ್ನುವ ಹಾಗೆ ಮೌಶಿ ಎಂದೇ ಕರೆಯುತ್ತಿದ್ದರು. ಬೀದರ ಕಡೆಯವರು. ಕಾಚಿಗೂಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೊಲಿಗೆ ಕಲಿಸಿ ನಿವೃತ್ತರಾಗಿದ್ದರು. ಮಕ್ಕಳಿಲ್ಲ, ಗಂಡ ತೀರಿ ಬಹಳ ಕಾಲವಾಗಿತ್ತು. ಸೆರಗಿನ ಅಂಚಿಗೆ ಯಾವಾಗಲೂ ಒಂದು ಸೂಜಿ, ಅದಕ್ಕೊಂದು ಗೇಣು ಬಿಳಿ ದಾರ. ಯಾರ ಗುಂಡಿ ಸಡಿಲಾಗಿದ್ದರೂ ಮೆಟ್ಟಿಲ ಮೇಲೆ ನಿಲ್ಲಿಸಿಯೇ ಹಾಕಿಕೊಡುತ್ತಿದ್ದರು. ದಾರವನ್ನು ಕತ್ತರಿಯಿಂದ ಕತ್ತರಿಸಿದ್ದು ನಾನು ಕಂಡಿಲ್ಲ. ಎಪ್ಪತ್ತರ ಮೇಲಿನ ವಯಸ್ಸಿನಲ್ಲಿ ತಮ್ಮದೇ ಹಲ್ಲಿನಿಂದ ಕಟಕ್ಕೆಂದು ಕಡಿಯುತ್ತಿದ್ದರು.

ಮೌಶಿ ಹಾಲು ಬಿಟ್ಟಿದ್ದರು. ಹಾಲೆಂದರೆ ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ ಎಲ್ಲವೂ. ಗಂಡನ ಪಿಂಡಕ್ಕೆಂದು ಗಯೆಗೆ ಹೋದಾಗ ಅಲ್ಲಿಯ ಪುರೋಹಿತ ಪಂಡಾ, "ಏನು ಬಿಡ್ತೀರಿ?" ಎಂದು ಕೇಳುತ್ತಾನಲ್ಲ, ಆಗ ಬಿಟ್ಟದ್ದು. ನಮ್ಮವರು ಅಲ್ಲಿ ಸಾಮಾನ್ಯವಾಗಿ ಹೀರೇಕಾಯಿಯನ್ನೋ ಹಾಗಲಕಾಯಿಯನ್ನೋ ಬಿಟ್ಟು ಬರುತ್ತಾರೆ. ನಮ್ಮ ಅತ್ತೆ ಬಿಟ್ಟದ್ದು ಬಾರೆಹಣ್ಣು. ಅದು ಅವರಿಗೆ ಮೊದಲೇ ಸೇರುತ್ತಿರಲಿಲ್ಲ. ಈ ಮಾತು ಹೇಳಿದಾಗ ಮೌಶಿ ಬಿದ್ದುಬಿದ್ದು ನಕ್ಕರು. "ನಿಮ್ಮ ಅತ್ತಿ ಶಾಣ್ಯಾ ಇದ್ರು ಬಿಡು. ನಾ ದಡ್ಡಿ. ನನಗ ಭಾಳ ಸೇರೂದ ಬಿಟ್ಟು ಬಂದೆ."

ಏಕೆ ಹಾಲೇ ಎಂದು ಕೇಳಿದ್ದಕ್ಕೆ ಒಮ್ಮೆ ಮಾತ್ರ ಹೇಳಿದ್ದರು. "ಊಟ ಆದಮ್ಯಾಲೆ ಒಂದ ಲೋಟ ಹಾಲು ಕಾಸತಿದ್ದೆ. ಅರ್ಧಾ ಅವರು, ಅರ್ಧಾ ನಾನು. ಎರಡ ಲೋಟ ತೊಳಿಯೂದ ಯಾಕ ಅಂತಿದ್ರು. ಇನ್ನ ಇಡೀ ಲೋಟ ಒಬ್ಬಾಕಿ ಹ್ಯಾಂಗ ಕುಡೀಲಿ?" ಇಷ್ಟು ಹೇಳಿ ಸೂಜಿಗೆ ದಾರ ಪೋಣಿಸತೊಡಗಿದರು.

ಯಾರ ಮನೆಗೆ ಹೋದರೂ, ಯಾವ ಪ್ರಸಾದ ಬಂದರೂ ತೋರುಬೆರಳೆತ್ತಿ ಒಂದೇ ಪ್ರಶ್ನೆ: "ಹಾಲು ತಾಕೈತೇನು?" ತೆಲುಗಿನವರಿಗೆ ತೆಲುಗಿನಲ್ಲಿ, ಮುಸಲ್ಮಾನರ ಮನೆಯ ಶೀರ್ ಖುರ್ಮಾ ಬಂದರೆ ಹಿಂದಿಯಲ್ಲಿ. ಕೆಲವರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು, "ಬಂದ್ರು ನೋಡ್ರಿ ಹಾಲಿನ ಇನ್‌ಸ್ಪೆಕ್ಟರ್" ಎಂದು. ನನ್ನ ಮನೆಯಲ್ಲಿ ಮಾತ್ರ ಕೇಳುತ್ತಿರಲಿಲ್ಲ. ಮೊದಲ ವರ್ಷವೇ ನಾನು ಅವರಿಗೆಂದು ಒಂದು ಪಾತ್ರೆ, ಒಂದು ಸೌಟು ಬೇರೆ ಇಟ್ಟಿದ್ದನ್ನು ನೋಡಿದ್ದರು. ಅಂದಿನಿಂದ ನಾನು ಕೊಟ್ಟ ಡಬ್ಬಿಯನ್ನು ಮುಚ್ಚಳ ತೆಗೆದು ನೋಡದೆ ಒಳಗೆ ಒಯ್ಯುತ್ತಿದ್ದರು.

ಇನ್ನು ನನ್ನ ಹೆದರಿಕೆಯ ಮಾತು. ನಮ್ಮವ್ವ ಕಲಬುರಗಿಯಲ್ಲಿ ದೇವರ ಮುಂದಿನ ಮಣೆಯಿಂದ ಏಳುವಾಗ ಪಕ್ಕಕ್ಕೆ ವಾಲಿದಳು. ವಾಲಿದಳು ಅಷ್ಟೇ, ಬಿದ್ದದ್ದೂ ಅಲ್ಲ. ಒಣ ಕಟ್ಟಿಗೆ ಮುರಿದಂಥ ಸದ್ದು ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಿತು. ಸೊಂಟದ ಎಲುಬು. ಐದು ತಿಂಗಳು ಹಾಸಿಗೆಯಲ್ಲಿ ಮಲಗಿದ್ದು ಎದ್ದದ್ದು ಹೆಣವಾಗಿಯೇ. ಬೆನ್ನ ಹುಣ್ಣು ತೊಳೆದವಳು ನಾನು. ಆಮೇಲೆ ನನಗೆ ಮೆಟ್ಟಿಲು ಕಂಡರೆ, ಒದ್ದೆ ಬಚ್ಚಲು ಕಂಡರೆ, ವಯಸ್ಸಾದವರ ಪಾದ ಕಂಡರೆ ಎದೆಯಲ್ಲಿ ಚಳಿ ಹುಟ್ಟುತ್ತಿತ್ತು.

ಅದೂ ಎಂಥ ಕಾಲ! ನಮ್ಮ ಸುತ್ತ ಇಡೀ ಊರೇ ಅಗೆದು ಬಿದ್ದಿತ್ತು. ಬೆಳಗಾದರೆ ಕೊರಳಿಗೆ ಗುರುತಿನ ಪಟ್ಟಿ ಹಾಕಿಕೊಂಡ ಹುಡುಗ ಹುಡುಗಿಯರನ್ನು ಕಂಪನಿ ಬಸ್ಸುಗಳು ಹತ್ತಿಸಿಕೊಂಡು ಹೋಗುತ್ತಿದ್ದವು. ಅವರೆಲ್ಲ ಇರಲಿಕ್ಕೆ ಮನೆ ಬೇಕು, ಮನೆಗೆ ಜಾಗ ಬೇಕು, ಜಾಗದಲ್ಲೆಲ್ಲ ಬಂಡೆ. ಪಕ್ಕದ ನಿವೇಶನದಲ್ಲಿ ಆನೆಯಷ್ಟು ದೊಡ್ಡ ಬಂಡೆಯೊಂದಿತ್ತು. ಮೊದಲು ಒಬ್ಬ ಕೆಂಪು ಬಟ್ಟೆ ಹಿಡಿದು ಸೀಟಿ ಊದುತ್ತಿದ್ದ, ಆಮೇಲೆ ಢಮ್. ನನ್ನ ಅಡುಗೆಮನೆಯ ಮುಚ್ಚಳಗಳೆಲ್ಲ ಗದಗದ. ನಾನು ಸೀಟಿ ಕೇಳಿದ ಕೂಡಲೆ ಗ್ಯಾಸ್ ಆರಿಸಿ ಗೋಡೆ ಹಿಡಿದು ನಿಲ್ಲುತ್ತಿದ್ದೆ. ನಮ್ಮ ಮನೆಯವರು ನಾಚಾರಂನ ಕಾರ್ಖಾನೆಯಿಂದ ಬಂದಾಗ ಇದನ್ನೆಲ್ಲ ಹೇಳಿದರೆ, "ಬಂಡಿ ಒಡದ್ರ ನಿನಗೇನ, ನೀ ಏನ್ ಬಂಡ್ಯಾ?" ಎಂದು ನಗುತ್ತಿದ್ದರು.

ಮೌಶಿಗೆ ಭಯವೇ ಇರಲಿಲ್ಲ. ಲಿಫ್ಟ್ ಎಂಬುದು ನಮ್ಮಲ್ಲಿ ಹೆಸರಿಗೆ ಇತ್ತು. ಅವರಿಗೆ ಅದು ಇದ್ದರೂ ಬೇಡ. ನೀರಿನ ಕ್ಯಾನು ಹಿಡಿದು ಮೂರು ಅಂತಸ್ತು ಹತ್ತುತ್ತಿದ್ದರು. "ಕೊಡ್ರಿ ಮೌಶಿ" ಎಂದು ನಾನು ಕೈಚಾಚಿದರೆ ಗದರುತ್ತಿದ್ದರು, "ಬಿಡ. ಎಲುಬಿಗೆ ಭಾರ ಗೊತ್ತಾಗಬೇಕು. ಇಲ್ಲಂದ್ರ ಅದು ಕೆಲಸಾನ ಮರೀತೈತಿ."

ಬೆಳಗಿನ ಎಂಟು ಗಂಟೆಗೆ ಟೆರೇಸಿನಲ್ಲಿ ಚಾಪೆ ಹಾಸಿ, ಸೀರೆಯನ್ನು ಮೊಣಕಾಲಿನವರೆಗೆ ಎಳೆದುಕೊಂಡು, ಮೊರದಲ್ಲಿ ಎಳ್ಳು ಹಸನು ಮಾಡುತ್ತ ಕೂರುತ್ತಿದ್ದರು. ಮೊಣಕಾಲಿಗೆ ಬಿಸಿಲು ಬೀಳಬೇಕು ಎನ್ನುವುದು ಅವರ ಹಟ. "ಹೊಟ್ಟಿಗೆ ಎಷ್ಟ ಹಾಕಿದ್ರೂ ಬಿಸಲ ಹಾಕಲಿಲ್ಲಂದ್ರ ಎಲುಬು ಉಣ್ಣಂಗಿಲ್ಲ ನನ್ನವ್ವ. ಅದಕ್ಕೂ ಹಸಿವಿ ಇರತೈತಿ, ಬಾಯಿ ಬಿಟ್ಟ ಕೇಳಂಗಿಲ್ಲ ಅಷ್ಟ." ಕರಿ ಎಳ್ಳು ಹುರಿದು, ಒಣಮೆಣಸಿನಕಾಯಿ ಬೆಳ್ಳುಳ್ಳಿ ಹಾಕಿ ಕುಟ್ಟಿದ ಪುಡಿ ಅವರ ಮನೆಯಲ್ಲಿ ಒಂದು ದಿನವೂ ತಪ್ಪಿದ್ದಿಲ್ಲ. ವಾಚ್‌ಮನ್ ಕೋಣೆಯ ಹಿಂದಿನ ನುಗ್ಗೆಮರದ ಸೊಪ್ಪನ್ನು ತೊಗರಿಬೇಳೆಗೆ ಹಾಕುತ್ತಿದ್ದರು. ಸೊಪ್ಪಿನವಳು ಓಣಿಯಲ್ಲಿ "ತೋಟಕೂರಾ, ಮೆಂತಿಕೂರಾ" ಎಂದು ಕೂಗಿದರೆ ನಮ್ಮಲ್ಲಿ ರಾಜಗಿರಿ ಎನ್ನುವ ಆ ತೋಟಕೂರದ ಕಟ್ಟನ್ನೇ ಎತ್ತಿಕೊಳ್ಳುತ್ತಿದ್ದರು. ವಾರಕ್ಕೆರಡು ಸಲ ಹುರುಳಿ ಕಟ್ಟು. ರೊಟ್ಟಿಯ ಮೇಲೆ ಎಳ್ಳು. ಚಹಾ ಕುಡಿಯುತ್ತಿದ್ದರು, ಹಾಲಿಲ್ಲದ್ದು, ನಿಂಬೆ ಹಿಂಡಿದ್ದು. ಆದರೆ ಊಟದ ಜೊತೆ ಎಂದೂ ಇಲ್ಲ.

ನಾನು ದಿನಾ ಬೆಳಗ್ಗೆ ಅವರಿಗೊಂದು ಡಬ್ಬಿ ರಾಗಿ ಗಂಜಿ ಕೊಡುತ್ತಿದ್ದೆ, ಬೆಲ್ಲ ಹಾಕಿದ್ದು. ಡಬ್ಬಿ ಬರಿದಾಗಿ ತಿರುಗಿ ಬರುತ್ತಿರಲಿಲ್ಲ. ಒಂದು ಚಮಚ ಎಳ್ಳಿನ ಪುಡಿ, ನಾಲ್ಕು ಹುರಿಗಡಲೆ, ಏನಾದರೊಂದು ಇರುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ನಮ್ಮ ಸೆಲ್ಲಾರಿನಲ್ಲಿ, ಸ್ಕೂಟರುಗಳನ್ನೆಲ್ಲ ಹೊರಗೆ ನಿಲ್ಲಿಸಿ, ಎಲುಬು ತಪಾಸಣೆಯ ಕ್ಯಾಂಪು ಹಾಕಿದರು. ಹಾಲಿನ ಪುಡಿ ಮಾರುವ ಯಾರೋ ಬಂದಿದ್ದರು. ಹಿಮ್ಮಡಿಯನ್ನು ಒಂದು ಪೆಟ್ಟಿಗೆಯಲ್ಲಿ ಇಡಬೇಕು, ಚೀಟಿ ಹೊರಬರುತ್ತದೆ: ಹಸಿರು, ಹಳದಿ, ಕೆಂಪು. ನನ್ನದು ಹಳದಿ ಬಂತು. ಮೌಶಿಯನ್ನು ಎಳೆದುಕೊಂಡು ಬಂದೆ. ಪೆಟ್ಟಿಗೆಯನ್ನು ಸುತ್ತಲೂ ನೋಡಿ, "ಹೊಲಿಗಿ ಮಷಿನ್ ಆದ್ರ ಕಾಲಿಡತಿದ್ದೆ" ಎಂದು ಹೇಳಿ ಹೋಗಿಬಿಟ್ಟರು. ಆಗ ಕ್ಯಾಂಪಿನ ಹೆಣ್ಣುಮಗಳು ನನ್ನನ್ನು ಕೇಳಿದಳು, "ಆ ಅಮ್ಮ ಹಾಲು ಕುಡೀತಾರಾ?" ಮೂವತ್ತು ವರ್ಷದಿಂದ ಮುಟ್ಟಿಲ್ಲವೆಂದೆ. ಅವಳು ಕಣ್ಣರಳಿಸಿ ಹೇಳಿದಳು, "ಹಾಗಾದರೆ ಒಳಗೆ ಜಾಳು ಜಾಳು. ಒಂದು ಸಲ ಜಾರಿದರೆ ಸಾಕು."

ಒಂದು ಸಲ ಜಾರಿದರೆ ಸಾಕು. ಆ ಮಾತು ನನ್ನನ್ನು ಬಿಡಲಿಲ್ಲ. ಕೈಯಲ್ಲಿ ಅವಳು ಕೊಟ್ಟ ಪುಡಿಯ ಡಬ್ಬ. ಮೂರು ದಿನ ಅದು ಕಪಾಟಿನಲ್ಲಿ ಇತ್ತು. ಮೌಶಿ ಮೆಟ್ಟಿಲಿಳಿಯುವ ಚಪ್ಪಲಿ ಸದ್ದು ಕೇಳಿದಾಗಲೆಲ್ಲ ಅವ್ವನ ಸೊಂಟದ ಸದ್ದು ಕೇಳಿಸುತ್ತಿತ್ತು. ನಾಲ್ಕನೇ ದಿನ ಗಂಜಿಯಲ್ಲಿ ಒಂದು ಚಮಚ ಪುಡಿ ಕಲಸಿದೆ.

ನಮ್ಮವ್ವ ಹುಟ್ಟಿದಾಗಿನಿಂದ ಎಮ್ಮೆಯ ಗಟ್ಟಿ ಹಾಲು ಎರಡು ಹೊತ್ತು ಕುಡಿದವಳು ಎಂಬುದು ಆಗ ನನಗೆ ಹೊಳೆಯಲೇ ಇಲ್ಲ.

ರಾಗಿಯ ಬಣ್ಣದಲ್ಲಿ ಅದು ಕಾಣುತ್ತಿರಲಿಲ್ಲ. ಡಬ್ಬಿ ಕೊಡುವಾಗ ಅವರ ಮುಖ ನೋಡಲಾರದೆ ಕೈಯನ್ನೇ ನೋಡುತ್ತಿದ್ದೆ. ಎಂದಿನಂತೆ ಮುಚ್ಚಳ ತೆಗೆಯದೆ ಒಳಗೆ ಒಯ್ದರು. ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ಅಂದಿನಿಂದ ಡಬ್ಬಿ ಸ್ವಲ್ಪ ಬೇಗ ತಿರುಗಿ ಬರತೊಡಗಿತು. ಅದರಲ್ಲಿ ಎಳ್ಳಿನ ಪುಡಿ ಇದ್ದೇ ಇರುತ್ತಿತ್ತು. ಎರಡು ತಿಂಗಳು ಹೀಗೆ ನಡೆಯಿತು. ಈಗ ನನಗೆ ಎರಡು ಹೆದರಿಕೆ: ಬಿದ್ದಾರೆಂದು ಒಂದು, ತಿಳಿದೀತೆಂದು ಇನ್ನೊಂದು. ದೇವರ ಮುಂದೆ ದೀಪ ಹಚ್ಚುವಾಗಲೂ ಅವರ ಆ ಅರ್ಧ ಲೋಟದ ಮಾತೇ ನೆನಪಾಗುತ್ತಿತ್ತು. ಮರುದಿನ ಮತ್ತೆ ಚಮಚ ಕೈಗೆ ಬರುತ್ತಿತ್ತು.

ಅವರು ಬಿದ್ದದ್ದು ಒಂದು ಮಧ್ಯಾಹ್ನ. ಸೀಟಿ ಊದಿದ್ದನ್ನು ಕೇಳಿ ನಾನು ಗ್ಯಾಸ್ ಆರಿಸಿದೆ. ಢಮ್ ಎಂದಿತು. ಅದರ ಹಿಂದೆಯೇ ಮೆಟ್ಟಿಲ ಕಡೆಯಿಂದ ಧಪಧಪ ಇನ್ನೊಂದು ಸದ್ದು. ಗೋಡೆ ಹಿಡಿದು ಇಳಿದೆ. ಎರಡನೇ ಅಂತಸ್ತಿನ ತಿರುವಿನಲ್ಲಿ ಮೌಶಿ ಪಕ್ಕಕ್ಕೆ ಮಲಗಿದ್ದರು, ಸುತ್ತಲೂ ನುಗ್ಗೆಸೊಪ್ಪು. ಆರು ಮೆಟ್ಟಿಲು ಉರುಳಿದ್ದರು.

"ಮುಟ್ಟಬ್ಯಾಡ, ಸ್ವಲ್ಪ ತಡಿ" ಎಂದರು. ಕಣ್ಣು ಮುಚ್ಚಿ ಒಂದೊಂದೇ ಕಾಲನ್ನು ಮಡಚಿ ನೋಡಿಕೊಂಡರು. ನಾನು ಜೋರಾಗಿ ಅಳುತ್ತಿದ್ದೆ. "ಬಿದ್ದಾಕಿ ನಾನು, ನೀ ಯಾಕ ಅಳತೀ? ಸೊಪ್ಪ ಆರಿಸು."

ಓಣಿಯ ಕೊನೆಯಲ್ಲಿ ಮೂಳೆಯ ಡಾಕ್ಟರರೊಬ್ಬರಿದ್ದರು, ವಯಸ್ಸಾದ ತೆಲುಗಿನವರು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೊನೆಗೆ, ಮುರಿದಿಲ್ಲ, ಬಾವು ಅಷ್ಟೇ, ಈ ವಯಸ್ಸಿಗೆ ಎಲುಬು ಚೆನ್ನಾಗಿದೆ ಎಂದರು. ಏನು ತಿನ್ನುತ್ತೀರಿ ಎಂದು ಕೇಳಿದರು. ಮೌಶಿ ಹೇಳುತ್ತ ಹೋದರು: ಎಳ್ಳು, ನುಗ್ಗೆಸೊಪ್ಪು, ತೋಟಕೂರ, ಹುರುಳಿ, ರಾಗಿ, ಬಿಸಿಲು.

"ಪಾಲು ತಾಗುತಾರಾ?" ಹಾಲು ಕುಡಿಯುತ್ತೀರಾ ಎಂದು ಡಾಕ್ಟರು ಕೇಳಿದರು.

ಮೌಶಿ ನನ್ನ ಕಡೆ ನೋಡಿದರು. ಆಮೇಲೆ, "ಬಿಟ್ಟೀನ್ರಿ" ಎಂದರು.

ಡಾಕ್ಟರು ತಲೆಯಾಡಿಸಿದರು. ಎಲುಬಿಗೆ ಸುಣ್ಣದಂಶ ಬರಲು ಹಾಲೊಂದೇ ದಾರಿಯಲ್ಲ, ನೀವು ಹೇಳಿದ್ದರಲ್ಲೆಲ್ಲ ಇದೆ ಎಂದರು. ಪಾಲಕ್‌ ಒಂದನ್ನೇ ನಂಬಬೇಡಿ, ಅದರಲ್ಲಿದ್ದದ್ದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಬೇಳೆ ಕಾಳು ಬಿಡಬೇಡಿ, ಎಲುಬಿಗೆ ಅದೂ ಬೇಕು. ಬಿ ಹನ್ನೆರಡು ಎಂಬ ವಿಟಮಿನ್ ಮಾತ್ರ ಸೊಪ್ಪು ಬೇಳೆಯಲ್ಲಿ ಸಿಗುವುದಿಲ್ಲ, ಅದಕ್ಕೆ ಮಾತ್ರೆ ತೆಗೆದುಕೊಳ್ಳಲೇಬೇಕು ಎಂದು ಬರೆದುಕೊಟ್ಟರು. ಮೌಶಿ ಚೀಟಿ ಹಿಡಿದು ತೋರುಬೆರಳೆತ್ತಿದರು. ಈ ಮಾತ್ರೆಯೊಳಗೆ ಹಾಲಿನ ಅಂಶವೇನಾದರೂ ಉಂಟೇ? ಡಾಕ್ಟರು ನಕ್ಕು, ಕೆಲವುಗಳಲ್ಲಿ ಇರಬಹುದು ಎಂದು ಒಪ್ಪಿಕೊಂಡು, ಅದನ್ನು ಹೊಡೆದುಹಾಕಿ ಇಂಜೆಕ್ಷನ್ ಬರೆದರು.

ಮಾತ್ರೆಯೊಳಗಿನ ಸಾಸಿವೆಯಷ್ಟು ಹಾಲನ್ನೂ ಒಲ್ಲದವರಿಗೆ ನಾನು ಎರಡು ತಿಂಗಳು ಚಮಚದಲ್ಲಿ ಕಲಸಿ ಕೊಟ್ಟಿದ್ದೆ. ಅವರನ್ನು ಆಟೋದಲ್ಲಿ ಕೂರಿಸಿ, ಛತ್ರಿ ಮರೆತೆನೆಂದು ಸುಳ್ಳು ಹೇಳಿ ಒಳಗೆ ಓಡಿದೆ. ಎರಡು ತಿಂಗಳು ಹಾಲಿನ ಪುಡಿ ಹೊಟ್ಟೆಗೆ ಹೋಗಿದ್ದರೆ ಈ ಎಲುಬು ಉಳಿದದ್ದು ಅದರಿಂದಲೇನು ಡಾಕ್ಟರೇ, ಎಂದು ಕೇಳಿದೆ. ಆ ಹಿರಿಯರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಎರಡು ತಿಂಗಳಲ್ಲಿ ಯಾರಾದರೂ ಎಲುಬು ಕಟ್ಟುತ್ತಾರೇನಮ್ಮಾ? ಇದು ಮೂವತ್ತು ನಲವತ್ತು ವರ್ಷದ ಊಟ, ನಡಿಗೆ, ಬಿಸಿಲು."

ಮನೆಗೆ ಬಂದು ಉಳಿದ ಪುಡಿಯನ್ನು ಮೋರಿಗೆ ಸುರಿದೆ. ಮೌಶಿಗೆ ಹೇಳಬೇಕೆಂದು ದಿನಾ ಬೆಳಗ್ಗೆ ಎದುರಿನ ಬಾಗಿಲ ತನಕ ಹೋಗುತ್ತಿದ್ದೆ. ಡಬ್ಬಿ ಕೊಡುತ್ತಿದ್ದೆ. ಬರುತ್ತಿದ್ದೆ.

ಬಂಡೆ ಹೋದ ಜಾಗದಲ್ಲಿ ಕಟ್ಟಡ ಎದ್ದಿತು. ಒಂದೊಂದು ಸ್ಲ್ಯಾಬು ಬಿದ್ದಂತೆ ಟೆರೇಸಿನ ಬಿಸಿಲು ಒಂದೊಂದು ಮಾರು ಸರಿಯಿತು, ಮೌಶಿಯ ಚಾಪೆಯೂ ಸರಿಯಿತು. ಕೊನೆಗೆ ಬೆಳಗಿನ ಬಿಸಿಲು ಪೂರ್ತಿ ಹೋಯಿತು. ಒಂದು ದಿನ ಅವರು ಬಂದು, "ತಂಗಿ ಊರಿಗೆ ಹೊಂಟೀನಿ. ಅಲ್ಲಿ ಅಂಗಳ ಐತಿ" ಎಂದರು. ಬಿಸಿಲಿಗಾಗಿ ಊರು ಬಿಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಕಾಚಿಗೂಡ ಸ್ಟೇಷನ್ನಿಗೆ ನಾನೇ ಬಿಡಲು ಹೋದೆ. ಸಂಜೆಯ ಗಾಡಿ. ಕಿಟಕಿಯ ಪಕ್ಕ ಕೂತಿದ್ದರು. ದಾರಿಗೆಂದು ಮಾಡಿದ ಬುತ್ತಿಯನ್ನು ಕಿಟಕಿಯ ಸರಳಿನ ನಡುವೆ ತೂರಿಸಿ ಕೊಟ್ಟೆ. ಗಂಟನ್ನು ತೊಡೆಯ ಮೇಲಿಟ್ಟುಕೊಂಡರು. ತೋರುಬೆರಳು ಮೇಲೆದ್ದಿತು.

"ಏನೇನ್ ಹಾಕೀದಿ ಇದರಾಗ?"

ಒಂಬತ್ತು ವರ್ಷದಲ್ಲಿ ನನ್ನನ್ನು ಕೇಳದಿದ್ದ ಪ್ರಶ್ನೆ. "ಜೋಳದ ಹಿಟ್ಟು, ಮೆಂತೆಸೊಪ್ಪು, ಎಳ್ಳು, ಖಾರ, ಉಪ್ಪು, ಶೇಂಗಾ ಎಣ್ಣಿ" ಎಂದೆ.

"ಮತ್ತ?"

"ಮತ್ತೇನೂ ಇಲ್ರಿ ಮೌಶಿ. ಆಣಿ ಮಾಡತೀನಿ. ಇದರಾಗ ಇಲ್ಲ. ಆಗ... ಗಂಜ್ಯಾಗ ಹಾಕಿದ್ದೆ. ನೀವು ಬೀಳತೀರಿ ಅಂತ ಭಾಳ ಅಂಜಿಕಿ ಆಗಿತ್ರಿ."

"ಗೊತ್ತೈತಿ."

"ಯಾವಾಗಿಂದ್ರಿ?"

"ಮೊದಲನೇ ದಿನಾನ. ಮೂವತ್ತು ವರ್ಷ ಬಿಟ್ಟ ವಾಸನಿ ಮೂಗಿಗೆ ಗೊತ್ತಾಗಂಗಿಲ್ಲೇನು? ಮರುದಿನದಿಂದ ವಾಚ್‌ಮನ್ ಹೇಣತಿಗೆ ಕೊಟ್ಟೆ. ಬಸರಿ ಇದ್ಲಲ್ಲ, ಕುಡದ್ಲು ಪಾಪ."

"ಬೈಲಿಲ್ಲ ಯಾಕ್ರಿ ನನಗ?"

"ಡಬ್ಬಿ ಕೊಡೂ ಮುಂದ ನಿನ್ನ ಕೈ ನಡಗತಿತ್ತು. ವಿಷ ಹಾಕಾಕಿ ಕೈ ಹಂಗ ನಡಗಂಗಿಲ್ಲ. ಈ ಹುಚ್ಚಿ ಅಂಜಿಕಿ ಹಾಕ್ಯಾಳ ಅಂತ ತಿಳಕೊಂಡೆ." ಪ್ಲಾಟ್‌ಫಾರ್ಮಿನ ಕಡೆ ನೋಡುತ್ತ ಹೇಳಿದರು, "ಮೊದಲನೇ ದಿನದ ಗುಟುಕು ಮಾತ್ರ ನನ್ನ ತಪ್ಪು. ಬಾಯಾಗ ಹೋದ ಕೂಡಲೆ ತಿಳೀತು. ಉಗುಳಬೇಕಿತ್ತು. ಆಗಲಿಲ್ಲ. ಅವರ ಲೋಟ ನೆನಪಾತು. ನುಂಗಿಬಿಟ್ಟೆ."

ನಾನು ಸರಳು ಹಿಡಿದು ನಿಂತಿದ್ದೆ. ಗಾಡಿ ಸೀಟಿ ಹಾಕಿತು. ಸೀಟಿಯ ನಂತರ ಢಮ್ ಎನ್ನುತ್ತದೆಂದು ಮೈ ತಾನಾಗಿಯೇ ಬಿಗಿಯಾಯಿತು. ಮೌಶಿ ಗಂಟು ಬಿಚ್ಚಿ, ಮೇಲಿನ ರೊಟ್ಟಿಯಿಂದ ಒಂದು ತುಂಡು ಮುರಿದು, ನಾನು ನೋಡುತ್ತಿರುವಂತೆಯೇ ಬಾಯಿಗಿಟ್ಟುಕೊಂಡರು. ನಿಧಾನವಾಗಿ ಅಗಿದರು.

"ಎಳ್ಳು ಛಲೋ ಹುರದೀದಿ" ಎಂದರು. ಗಾಡಿ ಕದಲಿತು. "ಇನ್ನ ಮ್ಯಾಲೆ ನಿನ್ನ ಮನ್ಯಾಗೂ ಕೇಳೇ ತಿಂತೀನಿ. ಬ್ಯಾಸರ ಮಾಡ್ಕೋಬ್ಯಾಡ."

ಅವರು ಮತ್ತೆ ನಮ್ಮ ಮನೆಗೆ ಬರಲಿಲ್ಲ. ಕೇಳುವ ಪ್ರಸಂಗವೇ ಬರಲಿಲ್ಲ. ಈಗ ನಾನೂ ಎಳ್ಳು ಕುಟ್ಟುತ್ತೇನೆ, ನುಗ್ಗೆಸೊಪ್ಪು ಬಿಡಿಸುತ್ತೇನೆ, ಪಕ್ಕದ ಕಟ್ಟಡದ ನೆರಳು ತಪ್ಪಿಸಿ ರಸ್ತೆಯ ಆ ತುದಿಗೆ ಹೋಗಿ ಬಿಸಿಲಿನಲ್ಲಿ ನಿಲ್ಲುತ್ತೇನೆ. ಯಾರಿಗೆ ಏನು ಕೊಡುವಾಗಲೂ ಅವರು ಕೇಳುವ ಮೊದಲೇ, ಬೇಕಿರಲಿ ಬೇಡದಿರಲಿ, ಅದರಲ್ಲಿ ಹಾಕಿದ್ದನ್ನೆಲ್ಲ ಒಂದೊಂದಾಗಿ ಹೇಳುತ್ತೇನೆ. ಫೋನು ಬಂದ ದಿನ ಮತ್ತೆ ಡಬ್ಬಿಗೆ ಗಂಜಿ ಹಾಕಿದೆ. ಎದುರಿನ ಮುಚ್ಚಿದ ಬಾಗಿಲ ಮುಂದೆ ನಿಂತು ಹೇಳಿದೆ: ರಾಗಿ, ಬೆಲ್ಲ, ನೀರು. ಮತ್ತೇನೂ ಇಲ್ರಿ ಮೌಶಿ.